ನಡುವಿನ ಪಾಯಿಂಟು

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಎಡಕ್ಕೆ, ಹಿಪ್ಪುನೇರಳೆ ತೋಟಗಳ ನಡುವೆ ಒಂದು ಕಾಲೇಜಿದೆ. ಅದಕ್ಕೆ ಎರಡು ಗೇಟು, ಎರಡು ಶಂಕುಸ್ಥಾಪನೆಯ ಕಲ್ಲು. ಕಾಂಪೌಂಡಿನ ಅರ್ಧಕ್ಕೆ ಗುಲಾಬಿ ಬಣ್ಣ, ಇನ್ನರ್ಧಕ್ಕೆ ಹಳದಿ. ಹೊಸಬರು ಎರಡು ಕಾಲೇಜು ಅಂದುಕೊಳ್ಳುತ್ತಾರೆ. ಕಾಲೇಜು ಒಂದೇ, ದಾಯಾದಿಗಳು ಇಬ್ಬರು. ಅಧ್ಯಕ್ಷ ಮೋಹನ್‌ಬಾಬು, ಕಾರ್ಯದರ್ಶಿ ಚನ್ನಕೇಶವ. ಅವರ ತಾತಂದಿರು ಅಣ್ಣತಮ್ಮಂದಿರು. ಕೂಡಿ ಒಂಬತ್ತು ಎಕರೆ ಬಿಟ್ಟುಕೊಟ್ಟು ಕಾಲೇಜು ಕಟ್ಟಿಸಿದರು. ಕಲ್ಲಿನ ಮೇಲೆ ಯಾವ ತಾತನ ಹೆಸರು ಮೇಲಿರಬೇಕು ಅನ್ನುವುದಕ್ಕೆ ಮೊಮ್ಮಕ್ಕಳು ಕಚ್ಚಾಡಿ ಮಾತು ಬಿಟ್ಟರು. ಬಿಟ್ಟು ಹನ್ನೊಂದು ವರ್ಷ.

ಎಣ್ಣೆ ಸೀಗೇಕಾಯಿ ಅನ್ನುತ್ತಾರಲ್ಲ, ಅವಾದರೂ ತಲೆಯ ಮೇಲೆ ಒಂದು ಗಳಿಗೆ ಕೂಡುತ್ತವೆ. ಇವರು ಸೋದರತ್ತೆ ಸತ್ತ ದಿನವೂ ಒಂದೇ ಅಂಗಳದಲ್ಲಿ ಬೇರೆ ಬೇರೆ ಶಾಮಿಯಾನ ಹಾಕಿಸಿ ಕೂತವರು.

ಇವರ ನಡುವೆ ಕೂತು ಕಾಲೇಜು ನಡೆಸುವ ಕರ್ಮ ರಾಧಾಮಣಿಯದು. ಕಾಗದದ ಮೇಲೆ ಅವಳು ಕ್ಯಾಂಪಸ್ ಮೇಲ್ವಿಚಾರಕಿ. ನಲ್ಲಿ, ಕರೆಂಟು, ಕಕ್ಕಸು, ಬೆಂಚು, ಬಲ್ಬು, ಹಾವು ಬಂದರೆ ಹಾವು, ಎಲ್ಲ ಅವಳ ತಲೆಗೇ. ವರ್ಷಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಮನೆಯ ಸುಣ್ಣಬಣ್ಣವೂ ಆಗುವುದಿಲ್ಲ. ಅವಳು ಮುಚ್ಚಿದ ಪ್ರಯೋಗಾಲಯದ ಟ್ಯೂಬ್‌ಲೈಟು ಬಿಚ್ಚಿ ಲೈಬ್ರರಿಗೆ ಹಾಕಿಸುವಳು, ಗಂಡುಮಕ್ಕಳ ಕಕ್ಕಸಿನ ವಾಷರ್ ಕಿತ್ತು ಹೆಣ್ಣುಮಕ್ಕಳ ನಲ್ಲಿಗೆ ಕೂರಿಸುವಳು, ಮುರಿದ ಎರಡು ಬೆಂಚು ಸೇರಿಸಿ ಒಂದು ಬೆಂಚು ಮಾಡಿಸುವಳು. ಇದೆಲ್ಲ ಸುಲಭದ ಕೆಲಸ. ಕಷ್ಟದ್ದು ಮೀಟಿಂಗು.

ಮೀಟಿಂಗಿನಲ್ಲಿ ಅಧ್ಯಕ್ಷರು ಒಂದು ತುದಿ, ಕಾರ್ಯದರ್ಶಿಗಳು ಇನ್ನೊಂದು ತುದಿ, ಮಧ್ಯದಲ್ಲಿ ಇವಳು. ಒಂದೇ ಮೇಜು, ಒಂದೇ ಫ್ಯಾನಿನ ಕೆಳಗೆ.

“ನಲವತ್ತು ಫ್ಯಾನು ನಮ್ಮ ಪರಿಚಯದ ಅಂಗಡೀಲೇ ತಗೋಬೇಕು ಅಂತ ಅವರಿಗೆ ಹೇಳಮ್ಮ” ಎಂದು ಮೋಹನ್‌ಬಾಬು ಗೋಡೆ ನೋಡಿಕೊಂಡು ಹೇಳುವನು.

“ಆ ಅಂಗಡಿಯವನು ಅವರ ಬಾಮೈದ ಅಂತ ನಮಗೂ ಗೊತ್ತು ಅಂತ ಹೇಳಮ್ಮ” ಎಂದು ಚನ್ನಕೇಶವ ಕಿಟಕಿ ನೋಡಿಕೊಂಡು ಹೇಳುವನು.

ರಾಧಾಮಣಿ ಇಪ್ಪತ್ತು ಇಲ್ಲಿ, ಇಪ್ಪತ್ತು ಅಲ್ಲಿ ಎಂದು ಬಗೆಹರಿಸುವಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳ ಹಿಂದೆ ಈ ಕುರ್ಚಿಯಲ್ಲಿದ್ದವನು ಒಂದು ಸಲ, ಒಂದೇ ಸಲ, ಒಬ್ಬರ ಮಾತು ಸರಿ ಅಂದ. ಮೂರು ತಿಂಗಳಲ್ಲಿ ಇನ್ನೊಬ್ಬರು ಅವನನ್ನು ಮನೆಗೆ ಕಳಿಸಿದರು. ಅದನ್ನು ನೋಡಿದ ಮೇಲೆ ರಾಧಾಮಣಿ ಸರಿ ತಪ್ಪು ಹುಡುಕುವುದನ್ನೇ ಬಿಟ್ಟು ನಡುವನ್ನು ಹುಡುಕುವುದು ಕಲಿತಳು. ಕಲಿತು ಎಷ್ಟು ನುರಿತಳೆಂದರೆ, ಗಲಾಟೆಯಾದರೆ ಮೇಷ್ಟ್ರುಗಳೇ “ರಾಧಾಮಣಿ ಮೇಡಂನ ಕರೀರಿ, ಅರ್ಧ ಮಾಡಿಕೊಡ್ತಾರೆ” ಅನ್ನುತ್ತಿದ್ದರು. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಶಿವರಾತ್ರಿಯಾದ ವಾರಕ್ಕೆ ಹೆಣ್ಣುಮಕ್ಕಳ ಹಾಸ್ಟೆಲಿನ ಬೋರು ಒಣಗಿತು. ಮೊದಲು ಕೆಸರು ಬಂತು, ಆಮೇಲೆ ಗಾಳಿ ಬಂತು, ಆಮೇಲೆ ಅದೂ ಇಲ್ಲ. ಹಾಸ್ಟೆಲಿನಲ್ಲಿ ಎಂಬತ್ತೆರಡು ಹುಡುಗಿಯರು. ಚೇಳೂರು, ಬಾಗೇಪಲ್ಲಿ, ಗೌರಿಬಿದನೂರಿನ ಆಚೆಯ ಹಳ್ಳಿಗಳವರು. ದಿನಾ ಓಡಾಡುತ್ತೇವೆಂದರೆ ಸಂಜೆ ಐದೂವರೆಯ ಮೇಲೆ ಆ ಕಡೆಗೆ ಬಸ್ಸಿಲ್ಲ. ಹಾಸ್ಟೆಲಿದ್ದರೆ ಓದು, ಇಲ್ಲದಿದ್ದರೆ ಇಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅದೇ ಹಾಸ್ಟೆಲು ನಾಲ್ಕು ಕೋಣೆಯದಾಗಿದ್ದಾಗ ರಾಧಾಮಣಿಯೂ ಅಲ್ಲೇ ಇದ್ದು ಬಿ.ಎ. ಮಾಡಿದವಳು. ಆದ್ದರಿಂದ ಅವಳಿಗೆ ಇದು ಬರೀ ನಲ್ಲಿಯ ವಿಷಯವಾಗಿರಲಿಲ್ಲ.

ತಿಂಗಳಿಡೀ ಟ್ಯಾಂಕರು ತರಿಸಿದರು. ಒಂದು ಹುಡುಗಿಗೆ ದಿನಕ್ಕೆ ಎರಡು ಬಕೆಟ್ಟು. ವಾರ್ಡನ್ ಲಕ್ಷ್ಮೀನರಸಮ್ಮ ಕೋಲು ಹಿಡಿದು ಸಿಂಟೆಕ್ಸ್ ಟ್ಯಾಂಕಿನ ಪಕ್ಕದಲ್ಲೇ ಕೂರುತ್ತಿದ್ದಳು. ಕೊನೆಗೆ ಕಾಲೇಜಿನ ಟ್ರಸ್ಟು ತೀರ್ಮಾನಿಸಿತು. ಒಂದು ಬೋರು ಕೊರೆಸುವಷ್ಟು ಹಣವಿದೆ, ಒಂದೇ ಒಂದು. ನೀರು ಬಂದರೆ ಹಾಸ್ಟೆಲು ಉಂಟು. ಬರದಿದ್ದರೆ ತಿಂಗಳ ಕೊನೆಗೆ ಬೀಗ.

ಇನ್ನು ಪಾಯಿಂಟು ನೋಡಬೇಕಲ್ಲ. ಮೋಹನ್‌ಬಾಬು ಚಿಕ್ಕಬಳ್ಳಾಪುರದಿಂದ ಒಬ್ಬ ಭೂವಿಜ್ಞಾನಿಯನ್ನು ಕರೆಸಿದ. ಅವನು ವೈರು, ಗೂಟ, ಪೆಟ್ಟಿಗೆ ತಂದು ಎರಡು ದಿನ ಅಳೆದು, ಹಿಂದಿನ ಕಾಂಪೌಂಡಿನ ಪಕ್ಕ ಸುಣ್ಣದ ಗುರುತು ಹಾಕಿದ. ಚನ್ನಕೇಶವ ಬಿಡುತ್ತಾನೆಯೇ? ಗೌರಿಬಿದನೂರು ಕಡೆಯಿಂದ ತೆಂಗಿನಕಾಯಿ ಹಿಡಿದು ನೀರು ನೋಡುವ ಚೆನ್ನರಾಯಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಚೆನ್ನರಾಯಪ್ಪ ಅಂಗೈಮೇಲೆ ಕಾಯಿ ಮಲಗಿಸಿಕೊಂಡು ಬರಿಗಾಲಲ್ಲಿ ಕ್ಯಾಂಪಸ್ಸೆಲ್ಲ ನಡೆದ. ಹಾಸ್ಟೆಲಿನ ಪಕ್ಕದ ಹೊಂಗೆಮರದ ಹತ್ತಿರ ಕಾಯಿ ಎದ್ದು ನಿಂತಿತು. ಅವನು ಅಲ್ಲಿ ಅರಿಶಿನ ಹಾಕಿ ಕಲ್ಲು ನೆಟ್ಟ.

ಸುಣ್ಣಕ್ಕೂ ಅರಿಶಿನಕ್ಕೂ ನೂರಿಪ್ಪತ್ತು ಅಡಿ ದೂರ. ನಡುವೆ ಹುಡುಗಿಯರ ಥ್ರೋಬಾಲ್ ಅಂಕಣ.

ಭೂವಿಜ್ಞಾನಿ ಹೊರಡುವಾಗ ರಾಧಾಮಣಿಯನ್ನು ಪಕ್ಕಕ್ಕೆ ಕರೆದ.

“ಮೇಡಂ, ನನ್ನ ಪಾಯಿಂಟು ಬೇಡ ಅಂದ್ರೆ ಬೇಡ. ಬೇಜಾರಿಲ್ಲ. ಆ ಕಾಯಿಯವರು ಹೇಳಿದ ಜಾಗದಲ್ಲಾದ್ರೂ ಹಾಕ್ಸಿ, ಅಲ್ಲೂ ಸ್ವಲ್ಪ ಬಿರುಕು ಕಾಣ್ತದೆ. ಆದ್ರೆ ಇವೆರಡರ ಮಧ್ಯ ಒಂದು ಬಂಡೆ ಹಾದದೆ. ಒಂದೇ ಬಂಡೆ, ಗಟ್ಟಿ. ಅಲ್ಲಿ ಮಾತ್ರ ಮುಟ್ಬೇಡಿ.”

“ಆಯ್ತು ಸರ್” ಅಂದಳು ರಾಧಾಮಣಿ. ಕೇಳಿಸಿಕೊಂಡಳು, ಅರ್ಥವಾಯಿತು, ನೆನಪೂ ಇತ್ತು. ಇದನ್ನು ಓದುವವರು ಅವಳ ಪರವಾಗಿ ಮರೆವಿನ ನೆಪ ಹುಡುಕುವುದು ಬೇಡ.

ಮೀಟಿಂಗು ಶನಿವಾರ ಬೆಳಗ್ಗೆ. ಬೋರ್‌ವೆಲ್ ಲಾರಿ ಆಗಲೇ ಹಳದಿ ಗೇಟಿನ ಹೊರಗೆ ಬಂದು ನಿಂತಿತ್ತು. ಹನ್ನೆರಡರೊಳಗೆ ಪಾಯಿಂಟು ತೋರಿಸದಿದ್ದರೆ ಬೇರೆ ಊರಿಗೆ ಹೋಗುತ್ತೇವೆ, ಮತ್ತೆ ಬರುವುದು ಮೇ ತಿಂಗಳಿಗೆ ಎಂದು ಲಾರಿಯವರು ಹೇಳಿ ಕಳಿಸಿದ್ದರು.

“ಲಕ್ಷಗಟ್ಟಲೆ ಖರ್ಚು ಮಾಡೋದು ತೆಂಗಿನಕಾಯಿ ನಂಬ್ಕೊಂಡಾ ಅಂತ ಕೇಳಮ್ಮ ಅವರನ್ನ” ಅಂದ ಮೋಹನ್‌ಬಾಬು.

“ಅವರ ತೋಟದಲ್ಲಿ ಮೂರು ಬೋರು ಫೇಲಾಯ್ತಲ್ಲ, ಅದಕ್ಕೂ ಇದೇ ವಿಜ್ಞಾನಿನಾ ಅಂತ ಕೇಳಮ್ಮ” ಅಂದ ಚನ್ನಕೇಶವ.

“ನಮ್ಮ ತೋಟದ ಸುದ್ದಿ ಅವರಿಗ್ಯಾಕೆ ಅಂತ ಕೇಳು.”

“ಹೊಟ್ಟೆಕಿಚ್ಚಿಗಲ್ಲ, ಕನಿಕರಕ್ಕೆ ಅಂತ ಹೇಳು.”

ಹತ್ತಾಯಿತು, ಹನ್ನೊಂದಾಯಿತು. ಪ್ರಿನ್ಸಿಪಾಲರು ಎಂದಿನಂತೆ ಮೊಬೈಲು ನೋಡುತ್ತ ಸತ್ತವರ ಹಾಗೆ ಕೂತಿದ್ದರು. ಇಬ್ಬರೂ ನೀರಿನ ಮಾತು ಬಿಟ್ಟು ತಾತಂದಿರ ಮಾತಿಗೆ ಹೋದರು. ಯಾರ ತಾತ ಜಮೀನು ಕೊಟ್ಟ, ಯಾರ ತಾತ ಬರೀ ಹೆಬ್ಬೆಟ್ಟು ಒತ್ತಿದ ಎನ್ನುವಲ್ಲಿಗೆ ಬಂತು. ಹೊರಗೆ ಲಾರಿಯವನು ಎಂಜಿನ್ ಚಾಲೂ ಮಾಡಿದ ಸದ್ದು ಕೇಳಿತು.

ಸುಣ್ಣದ ಗುರುತು ಅಂದರೆ ಚನ್ನಕೇಶವ ರಾಧಾಮಣಿಯನ್ನು ಬಿಡುವುದಿಲ್ಲ. ಅರಿಶಿನದ ಕಲ್ಲು ಅಂದರೆ ಮೋಹನ್‌ಬಾಬು ಬಿಡುವುದಿಲ್ಲ. ಏನೂ ಅನ್ನದಿದ್ದರೆ ಲಾರಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ‘ಎರಡರಲ್ಲಿ ಯಾವುದಾದರೂ ಸರಿ, ನಡುವೆ ಮಾತ್ರ ಬೇಡ.’ ಇಷ್ಟೇ ಮಾತು. ಆದರೆ ಯಾವುದಾದರೂ ಅಂದಕೂಡಲೇ ಯಾವುದು ಎಂದು ಇಬ್ಬರೂ ಅವಳನ್ನೇ ಕೇಳುತ್ತಾರೆ. ಹತ್ತು ವರ್ಷದ ಅಭ್ಯಾಸ ಆ ಮಾತನ್ನು ನುಂಗಿ ಬೇರೆಯದನ್ನು ಕಕ್ಕಿತು.

“ಸರ್, ಇಬ್ಬರದೂ ಬೇಡ, ಮಧ್ಯಕ್ಕೆ ಹಾಕ್ಸಣ. ಥ್ರೋಬಾಲ್ ನೆಟ್ಟಿನ ಹತ್ರ. ಎರಡು ಕಡೆ ನೀರೂ ಅಲ್ಲಿಗೆ ಬರಬೋದು.”

ಥೂ, ಎಂಥ ಮಾತು. ನೀರೇನು ಮದುವೆ ದಿಬ್ಬಣವೇ, ಎರಡು ಕಡೆಯಿಂದ ಬಂದು ನಡುವೆ ಸೇರುವುದಕ್ಕೆ? ಆದರೆ ಮೇಜಿನ ಎರಡು ತುದಿಯಲ್ಲೂ ಮುಖ ಸಡಿಲವಾಯಿತು. ಮೋಹನ್‌ಬಾಬುವಿಗೆ ಚನ್ನಕೇಶವ ಗೆಲ್ಲಲಿಲ್ಲವೆಂಬ ಸಮಾಧಾನ. ಚನ್ನಕೇಶವನಿಗೆ ಮೋಹನ್‌ಬಾಬು ಗೆಲ್ಲಲಿಲ್ಲವೆಂಬ ಸಮಾಧಾನ. ನೀರು ಗೆಲ್ಲಬೇಕೆಂಬುದು ಯಾರ ತಲೆಯಲ್ಲೂ ಇರಲಿಲ್ಲ.

“ಆಗ್ಬೋದು ಅಂತ ಹೇಳಮ್ಮ” ಅಂದ ಒಬ್ಬ.

“ನಮ್ಮ ಅಭ್ಯಂತರ ಇಲ್ಲ ಅಂತ ಹೇಳಮ್ಮ” ಅಂದ ಇನ್ನೊಬ್ಬ.

ಅಂಕಣದ ನೆಟ್ಟು ಬಿಚ್ಚಿದರು. ಎರಡು ಮನೆಯಿಂದಲೂ ಬೇರೆ ಬೇರೆ ಕಾಯಿ, ಬೇರೆ ಬೇರೆ ಊದುಬತ್ತಿ ಬಂದವು. ಅಳತೆಪಟ್ಟಿ ಹಿಡಿದು ಎರಡೂ ಗುರುತಿನಿಂದ ಸರಿಯಾಗಿ ಅರವತ್ತು ಅಡಿಗೆ ರಾಡು ಇಳಿಸಿದರು. ಒಂದು ಅಂಗುಲ ಆಚೀಚೆ ಆಗದಂತೆ ಇಬ್ಬರ ಕಡೆಯವರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಹುಡುಗಿಯರು ಮಹಡಿಯ ಮೇಲೆ ಸಾಲಾಗಿ ನಿಂತಿದ್ದರು. ಅವರಲ್ಲಿ ಶಿರೀಷಾ ಎಂಬ ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿ, ಹಾಸ್ಟೆಲಿನ ಲೀಡರು, ಕೆಳಗೆ ಬಂದು ರಾಧಾಮಣಿಯ ಪಕ್ಕ ನಿಂತಳು.

“ಬರ್ತದಾ ಮೇಡಂ?”

“ಬರ್ತದಮ್ಮ. ಯಾಕೆ ಬರಲ್ಲ?”

ಮುನ್ನೂರು ಅಡಿಯಲ್ಲಿ ಒಂದು ಚೂರು ತೇವ ಕಂಡಿತು. ಹುಡುಗಿಯರು ಕೂಗಿದರು, ಲಕ್ಷ್ಮೀನರಸಮ್ಮ ಕೈಮುಗಿದಳು. ಅಲ್ಲಿಂದ ಕೆಳಗೆ ಬರೀ ಬಿಳಿ ಹುಡಿ. ಐನೂರು, ಏಳುನೂರು, ಒಂಬೈನೂರು. ರಾಡಿನ ಮೇಲೆ ರಾಡು ಜೋಡಿಸಿದಷ್ಟೂ ಹಿಟ್ಟಿನ ಗಿರಣಿಯ ಹಾಗೆ ಹುಡಿಯೇ ಹಾರಿತು. ಹಾಸ್ಟೆಲಿನ ಗೋಡೆ, ಹೊಂಗೆಮರ, ಒಣಹಾಕಿದ ಬಟ್ಟೆ ಎಲ್ಲ ಬೆಳ್ಳಗಾದವು. ಸಾವಿರದ ನೂರೈವತ್ತಕ್ಕೆ ಲಾರಿಯವನು ಎಂಜಿನ್ ನಿಲ್ಲಿಸಿ, “ಕಲ್ಲು ಮೇಡಂ. ಇನ್ನು ಇಳಿಸಿದ್ರೂ ಕಲ್ಲೇ” ಅಂದ. ಟ್ರಸ್ಟಿನ ದುಡ್ಡೂ ಅಲ್ಲಿಗೆ ಮುಗಿದಿತ್ತು.

ಆಗ ನಡೆದದ್ದನ್ನು ಊರವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಚನ್ನಕೇಶವ ಕಣ್ಣಿಗೆ ಹುಡಿ ಬಿದ್ದು ಒರೆಸಿಕೊಳ್ಳುತ್ತ ನಿಂತಿದ್ದ. ಮೋಹನ್‌ಬಾಬು ಹೆಗಲ ಟವೆಲು ತೆಗೆದು ಕೈ ಚಾಚಿ, “ತಗೊಳೋ ಚನ್ನಾ, ಉಜ್ಜಬೇಡ, ಕೆಂಪಾಗ್ತದೆ” ಅಂದ.

ಸುತ್ತಲಿದ್ದವರು ಬಾಯಿಬಿಟ್ಟು ನೋಡಿದರು. ಚನ್ನಕೇಶವ ಟವೆಲು ತೆಗೆದುಕೊಂಡ, ಕಣ್ಣೊರೆಸಿಕೊಂಡ, ವಾಪಸು ಕೊಟ್ಟ.

“ಎಲ್ಲಾ ಹೋಯ್ತಲ್ಲೋ ಮೋಹನಾ” ಅಂದ.

“ಹೋಯ್ತು ಕಣೋ. ನಿನ್ ಪಾಯಿಂಟೋ ನನ್ ಪಾಯಿಂಟೋ, ಒಂದು ಕಡೆ ಹಾಕ್ಸಿದ್ರೆ ಮುಗೀತಿತ್ತು. ಮಧ್ಯಕ್ಕೆ ಹಾಕ್ಸಿ ಅಂದಿದ್ದು ಯಾರು?”

ಇಬ್ಬರೂ ತಿರುಗಿ ರಾಧಾಮಣಿಯನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಬ್ಬರ ನೋಟವೂ ಒಂದೇ ಕಡೆ ಬಿತ್ತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದೆಂದರೆ ಇದೇ. ಆದರೆ ಈ ಮೇಕೆಯೂ ತಿಂದಿತ್ತಲ್ಲ, ಏನು ಹೇಳುತ್ತದೆ?

“ಏನಮ್ಮ, ದೊಡ್ಡ ಬುದ್ಧಿವಂತೆ” ಅಂದ ಚನ್ನಕೇಶವ, “ಎಂಬತ್ತು ಮಕ್ಕಳ ಬಾಯಿಗೆ ಮಣ್ಣು ಹಾಕ್ದೆ.” ಮೋಹನ್‌ಬಾಬು ಹೂಂ ಅಂದ. ಇಬ್ಬರೂ ಒಂದೇ ಕಾರಿನಲ್ಲಿ ಹೋದರು.

ಕಾಂಪೌಂಡಿನ ಹಿಂದೆ ಗಂಗರಾಜುವಿನ ಹಿಪ್ಪುನೇರಳೆ ತೋಟ. ಗಂಗರಾಜು ಗಟ್ಟಿ ಆಸಾಮಿ. ಭೂವಿಜ್ಞಾನಿ ಅಳೆದ ಎರಡು ದಿನವೂ ಕಾಂಪೌಂಡಿನ ಮೇಲೆ ಮೊಣಕೈ ಊರಿ ಬಿಟ್ಟಿ ಪಾಠ ಕೇಳಿಸಿಕೊಂಡಿದ್ದ. ಹೇಗೂ ಲಾರಿ ಬಂದಿದೆಯೆಂದು ಭಾನುವಾರ ಬೆಳಗ್ಗೆ ಅದನ್ನೇ ತನ್ನ ತೋಟಕ್ಕೆ ಕರೆಸಿ, ಕಾಲೇಜಿನ ಸುಣ್ಣದ ಗುರುತಿನಿಂದ ಹತ್ತೇ ಅಡಿ ಆಚೆಗೆ ಕೊರೆಸಿದ. ಏಳುನೂರ ಎಂಬತ್ತು ಅಡಿಗೆ ನೀರು ಎದ್ದಿತು. ಎದ್ದದ್ದು ಹೇಗೆಂದರೆ ಕಾಂಪೌಂಡು ದಾಟಿ ಹಾಸ್ಟೆಲಿನ ಹಿಂದಿನ ಕಿಟಕಿಗಳ ಮೇಲೆ ಬಿತ್ತು. ಹಿಂದಿನ ದಿನದ ಬಿಳಿ ಹುಡಿ ತೊಳೆದು ಗೋಡೆಯ ಮೇಲೆ ಇಳಿಯಿತು.

ರಾಧಾಮಣಿ ಬರಿಗಾಲಲ್ಲಿ ಓಡಿದಳು. ಬೇಲಿಯ ಸಂದಿಯಲ್ಲಿ ನುಗ್ಗಿ ಗಂಗರಾಜುವಿನ ಎದುರು ನಿಂತು ಏದುಸಿರು ಬಿಟ್ಟಳು.

“ಏಮ್ಮಾ, ನೀರು ನೋಡೋಕ್ ಬಂದ್ಯಾ, ನನ್ನನ್ನ ನೋಡೋಕ್ ಬಂದ್ಯಾ?” ಅಂದ ಗಂಗರಾಜು. ಅವಳ ಮುಖ ನೋಡಿ ತಮಾಷೆ ಬಿಟ್ಟ. “ಆಯ್ತು ಕಣಮ್ಮ. ಹಾಸ್ಟೆಲ್‌ಗೆ ಒಂದು ಪೈಪು ಎಳ್ಕೊ. ಟ್ಯಾಂಕರಿಗೆ ಕೊಡೋದ್ರಲ್ಲಿ ಕಾಲುಭಾಗ ನನಗೆ ಕೊಟ್ರೆ ಸಾಕು. ಹೆಣ್ಮಕ್ಕಳಿಗೆ ಇಲ್ಲ ಅಂದ್ರೆ ಗಂಗಮ್ಮ ಒಪ್ಪಲ್ಲ.”

ಅವಳು ಅಲ್ಲಿಂದ ನೇರ ಆಫೀಸಿಗೆ ಬಂದಳು. ಭಾನುವಾರವಾದರೂ ದಾಯಾದಿಗಳಿಬ್ಬರೂ ಬಂದಿದ್ದರು. ಮೇಜಿನ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂತು ಒಂದೇ ತಟ್ಟೆಯಲ್ಲಿ ಖಾರದ ಕಡ್ಲೇಬೀಜ ತಿನ್ನುತ್ತಿದ್ದರು. ರಾಧಾಮಣಿ ಗಂಗರಾಜುವಿನ ಮಾತನ್ನೆಲ್ಲ ಹೇಳಿದಳು. ಪೈಪಿನ ಅಳತೆಯೂ ಹೇಳಿದಳು, ಹಳೆಯ ಬೋರಿನ ಪೈಪೇ ಸಾಕು, ಖರ್ಚಿಲ್ಲ ಅಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಗೆ ನೋಡಿಕೊಂಡದ್ದಕ್ಕೇ ಅವಳಿಗೆ ಭಯವಾಯಿತು.

“ಅದು ಬೇಡ ಬಿಡಮ್ಮ” ಅಂದ ಮೋಹನ್‌ಬಾಬು. “ಹಾಸ್ಟೆಲ್ ಬಿಲ್ಡಿಂಗು ಕೋಚಿಂಗ್‌ನವರು ಬಾಡಿಗೆಗೆ ಕೇಳ್ತಾವ್ರೆ. ನೀಟು ಗೀಟು ಓದೋ ಹುಡುಗರಿಗೆ. ನಾನೂ ಚನ್ನನೂ ನೆನ್ನೆ ಕಾರಲ್ಲೇ ಮಾತಾಡ್ಕೊಂಡ್ವಿ.”

“ಅವರಿಗೆ ನೀರು ಸರ್?”

“ಅವರು ಟ್ಯಾಂಕರ್ ಹಾಕ್ಸ್ಕೋತಾರೆ. ಗಂಗರಾಜು ಹತ್ರ ಬೇಕಾದ್ರೂ ತಗೋತಾರೆ.”

ರಾಧಾಮಣಿ ಚನ್ನಕೇಶವನ ಕಡೆ ತಿರುಗಿದಳು. ಒಬ್ಬ ಬೇಡ ಅಂದರೆ ಇನ್ನೊಬ್ಬ ಬೇಕು ಅನ್ನುವುದೇ ಆ ಕಾಲೇಜಿನ ರೂಢಿ. ಆ ರೂಢಿಯ ಮೇಲೇ ಅವಳು ಇಷ್ಟು ವರ್ಷ ಬೆಂಚು ತಂದಿದ್ದಳು, ಬಲ್ಬು ತಂದಿದ್ದಳು. “ಸರ್, ನೀವಾದ್ರೂ ಹೇಳಿ” ಅಂದಳು.

“ಮೋಹನ ಹೇಳಿದ್ದೇ ನನ್ ಮಾತು” ಅಂದ ಚನ್ನಕೇಶವ.

ಅವಳಿಗೆ ರೇಗಿತು. ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದೆಲ್ಲ ಒಟ್ಟಿಗೆ ಬಂತು. “ನಿಮ್ಮಿಬ್ಬರ ಜಗಳ ಕಾಯೋಕೆ ನನ್ನ ಹತ್ತು ವರ್ಷ ಹೋಯ್ತು. ನಿಮ್ಮ ಜಗಳದಲ್ಲಿ ಆ ಹುಡುಗೀರಿಗೆ ನೀರಿಲ್ಲ, ನೀವು ಒಂದಾದ್ರೆ ಮನೆಯೂ ಇಲ್ಲ. ಕೂತ್ಕೊಂಡು ಕಡ್ಲೇಬೀಜ ತಿಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?”

ಯಾರಿಗೂ ಕೋಪ ಬರಲಿಲ್ಲ. ಮೋಹನ್‌ಬಾಬು ತಟ್ಟೆ ಅವಳ ಕಡೆ ಸರಿಸಿದ.

“ನಿನ್ ಕೆಲಸಕ್ಕೇನೂ ತೊಂದರೆ ಇಲ್ಲಮ್ಮ, ಹೆದರ್ಬೇಡ. ಖಾಲಿ ಮಾಡ್ಸೋಕೆ ಯಾರಾದ್ರೂ ಬೇಕಲ್ಲ.”

ತಿಂಗಳ ಕೊನೆಯ ಶನಿವಾರ ಹುಡುಗಿಯರು ಹೊರಟರು. ಮಂಚ ಎಣಿಸುವುದು, ಬೀರುಗಳ ಬೀಗ ವಾಪಸು ಪಡೆಯುವುದು, ಎಲ್ಲ ರಾಧಾಮಣಿಯೇ ಮಾಡಿದಳು. ಗಂಗರಾಜುವಿನ ಬೋರಿನ ಸದ್ದು ಬೆಳಗಿನಿಂದ ನಿಂತಿರಲಿಲ್ಲ. ರಾಧಾಮಣಿ ಮನಸ್ಸು ತಡೆಯದೆ ಲಕ್ಷ್ಮೀನರಸಮ್ಮನಿಗೆ ಭೂವಿಜ್ಞಾನಿಯ ಮಾತನ್ನು ಹೇಳಿಬಿಟ್ಟಿದ್ದಳು. ಲಕ್ಷ್ಮೀನರಸಮ್ಮ ಅವಳನ್ನು ದಿಟ್ಟಿಸಿ ನೋಡಿ, “ನನಗ್ಯಾಕೆ ಹೇಳ್ತೀಯ? ನಾನು ಎಲ್ಲಾದರೂ ಬದುಕ್ತೀನಿ. ಆ ಮಕ್ಕಳ ಎದುರಿಗೆ ನಿಂತ್ಕೊಂಡು ಹೇಳು” ಎಂದು ಎದ್ದು ಹೋಗಿದ್ದಳು. ಅಂದಿನಿಂದ ಮಾತಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಪಕ್ಕ ಸೂಟ್‌ಕೇಸು, ಬಕೆಟ್ಟು, ಹಾಸಿಗೆಯ ಸುರುಳಿಗಳ ನಡುವೆ ಹುಡುಗಿಯರು ನಿಂತಿದ್ದರು. ರಾಧಾಮಣಿ ಹೋಗಿ ಶಿರೀಷಾಳ ಮುಂದೆ ನಿಂತಳು. ಹೇಳಿದಳು. ಬಂಡೆಯ ವಿಷಯ, ತನಗೆ ಮೊದಲೇ ಗೊತ್ತಿದ್ದದ್ದು, ಆದರೂ ನಡುವೆ ಹಾಕಿಸಿ ಎಂದು ತಾನೇ ಅಂದದ್ದು. ಉಳಿದವರೂ ಸುತ್ತ ಸೇರಿ ಕೇಳಿಸಿಕೊಂಡರು. ಅವಳಿಗೆ ಅಳು ಬಂತು, ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

ಶಿರೀಷಾ ಕೇಳಿದಳು. “ಎರಡರಲ್ಲಿ ಯಾವುದೋ ಒಂದು ಅಂತ ನೀವು ಹೇಳಿದ್ರೆ ಏನಾಗ್ತಿತ್ತು ಮೇಡಂ?”

“ಇನ್ನೊಬ್ಬರು ನನ್ನನ್ನ ಕೆಲಸದಿಂದ ತೆಗೀತಿದ್ರು.”

“ಖಂಡಿತ ತೆಗೀತಿದ್ರಾ?”

“ಖಂಡಿತ.”

“ಅದಕ್ಕೆ ನಮ್ಮನ್ನ ತೆಗೆದ್ರಿ” ಅಂದಳು ಶಿರೀಷಾ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸಿ ಹೇಳಿದ ಹಾಗಿತ್ತು.

ಬಾಗೇಪಲ್ಲಿಯ ಬಸ್ಸು ಬಂತು, ಹುಡುಗಿಯರು ಸಾಮಾನು ಹತ್ತಿಸಿಕೊಂಡು ಹೋದರು.